ಕಲ್ಲಿನ ಉದ್ದ ಒಳಗಿರಲಿ



ಇಂದು ನಾವು ಒಂದು ಗುಡಿಸಲನ್ನು ಕುರಿತು ಮಾತಾಡೋಣ. ಅರಮನೆಗಳನ್ನು ಕುರಿತು ಜಗತ್ತು ಬೇಕಾದಷ್ಟು ಮಾತಾಡಿದೆ. ಅರಮನೆ ಕಟ್ಟಿಸಿದವನ ಹೆಸರು ಉಳಿಯುತ್ತದೆ, ಅರಮನೆ ಎಷ್ಟೋ ಸಲ ಉಳಿಯುವುದಿಲ್ಲ. ನಾವು ಹೇಳಹೊರಟ ಗುಡಿಸಲು ಇದಕ್ಕೆ ತೀರ ಬೇರೆಯಾದುದು. ಅದನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಗುಡಿಸಲು ಮಾತ್ರ ನಿಂತಿದೆ. ಸಾವಿರ ವರುಷ ಕಳೆದರೂ ನಿಂತಿದೆ.

ಯುರೋಪಿನ ಪಶ್ಚಿಮದ ತುದಿಯಲ್ಲಿ ಐರ್ಲೆಂಡ್ ಎಂಬ ದ್ವೀಪವಿದೆ. ಅದರ ನೈಋತ್ಯ ಮೂಲೆಗೆ ಕೆರಿ ಎಂದು ಹೆಸರು. ಅಲ್ಲಿ ಡಿಂಗಲ್ ಎಂಬ ನೆಲದ ಚಾಚು ಬೆರಳಿನ ಹಾಗೆ ಅಟ್ಲಾಂಟಿಕ್ ಸಾಗರದೊಳಕ್ಕೆ ಹೋಗಿದೆ. ಗಾಳಿ ಬಲು ಜೋರು, ಮಳೆ ಧಾರಾಳ. ದೊಡ್ಡ ಮರ ಅಲ್ಲಿ ಸುಲಭವಾಗಿ ಬೆಳೆಯದು. ಆದರೆ ಕಲ್ಲಿಗೆ ಬರವಿಲ್ಲ. ಹೊಲ ಹಸನು ಮಾಡಲು ಹೊರಟ ರೈತನಿಗೆ ಮೊದಲು ಸಿಗುವ ಬೆಳೆಯೇ ಕಲ್ಲು! ದೇಶದ ಉಳಿದ ಭಾಗದಲ್ಲಿ ಆ ಕಾಲದ ಜನ ಹೆಚ್ಚಾಗಿ ಮರದಿಂದ, ಹೆಣೆದ ಕಡ್ಡಿಗಳಿಂದ ಮನೆ ಕಟ್ಟಿದರು. ಆ ಮನೆಗಳೆಲ್ಲ ಮಣ್ಣಾದವು. ಇಲ್ಲಿಯವರು ಇದ್ದುದನ್ನೇ ಎತ್ತಿಕೊಂಡರು. 'ನಮಗೆ ಮರವಿಲ್ಲ' ಎಂದು ಅಳುತ್ತ ಕೂಡಲಿಲ್ಲ. ಕಾಲಿಗೆ ಎಡವಿದ ಕಲ್ಲನ್ನೇ ತಲೆಯ ಮೇಲಿನ ನೆರಳು ಮಾಡಿಕೊಂಡರು.

ಆ ಗುಡಿಸಲಿಗೆ ಕ್ಲೊಖಾನ್ ಎನ್ನುತ್ತಾರೆ. ಐರಿಷ್ ನುಡಿಯಲ್ಲಿ ಕ್ಲೊಖ್ ಎಂದರೆ ಕಲ್ಲು. ದೂರದಿಂದ ನೋಡಿದರೆ ಕಣದಲ್ಲಿ ಹಾಕಿದ ಜೋಳದ ರಾಶಿಯ ಹಾಗೆ ಕಾಣುತ್ತದೆ. ಸುಣ್ಣವಿಲ್ಲ, ಗಾರೆಯಿಲ್ಲ, ಕೆಸರೂ ಇಲ್ಲ. ತೊಲೆಯಿಲ್ಲ, ಕಂಬವಿಲ್ಲ. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸಲು ಬಾರದು. ಗೋಡೆಯೇ ಬಾಗುತ್ತ ಬಾಗುತ್ತ ಚಾವಣಿಯಾಗಿದೆ.

ಅದನ್ನು ಕಟ್ಟುವ ಬಗೆ ಏನು? ಮೊದಲು ದಪ್ಪನಾದ ಗೋಡೆಯನ್ನು ಸುತ್ತಲೂ ಎಬ್ಬಿಸುತ್ತಾರೆ. ಒಂದಾಳಿನ ಎತ್ತರಕ್ಕೂ ಮೊದಲೇ ಒಂದೊಂದು ವರಸೆಯ ಕಲ್ಲನ್ನು ಕೆಳಗಿನ ವರಸೆಗಿಂತ ತುಸು ಒಳಕ್ಕೆ ಚಾಚಿ ಇಡುತ್ತಾರೆ. ಹೀಗೆ ವರಸೆಯ ಮೇಲೆ ವರಸೆ ಏರಿದಂತೆ ಒಳಗಿನ ಬಯಲು ಕಿರಿದಾಗುತ್ತದೆ. ಕೊನೆಗೆ ಉಳಿದ ಸಣ್ಣ ಕಂಡಿಯನ್ನು ಒಂದೆರಡು ಚಪ್ಪಡಿಗಳು ಮುಚ್ಚುತ್ತವೆ. ಪ್ರತಿ ಕಲ್ಲನ್ನೂ ಹೊರಗಡೆಗೆ ಕೊಂಚ ಇಳಿಜಾರಾಗಿ ಇಡುತ್ತಾರೆ. ಮಳೆನೀರು ಒಳಗೆ ಬರದೆ ಹೊರಗೆ ಹರಿದುಹೋಗುತ್ತದೆ. ಕಲ್ಲಿನ ಮೇಲೆ ಕಲ್ಲನ್ನು ಒಳಚಾಚಿ ಮುಚ್ಚಿಗೆ ಮಾಡುವ ಈ ಬಗೆ ನಮ್ಮ ನಾಡಿನ ಹಳೆಯ ಗುಡಿ ಕಟ್ಟಿದವರಿಗೂ ಗೊತ್ತಿತ್ತು. ಕೈಗೆ ಭಾಷೆ ಬೇರೆ ಇಲ್ಲ ನೋಡಿ!

ಈಗ ಒಂದು ಪ್ರಶ್ನೆ. ಒಳಕ್ಕೆ ಚಾಚಿದ ಕಲ್ಲು ಬೀಳುವುದಿಲ್ಲವೇಕೆ? ಹಿಡಿಯಲು ಗಾರೆಯಿಲ್ಲವಲ್ಲ!

ಇದಕ್ಕೆ ಉತ್ತರವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ತಪ್ಪಿನಿಂದ ಕಲಿತೆವು. ಪೂರ್ವಾಶ್ರಮದ ಮಾತು. ನಾವು ಆಗ ಹುಡುಗರು. ದನ ಕಟ್ಟುವ ಜಾಗದ ಸುತ್ತ ಕಲ್ಲು ಹೊಂದಿಸುವ ಕೆಲಸ ನಮ್ಮ ಪಾಲಿಗೆ ಬಂತು. ಉದ್ದುದ್ದ ಕಲ್ಲುಗಳನ್ನೆಲ್ಲ ಅಡ್ಡಲಾಗಿ, ಹೊರಗೆ ಮುಖ ಕಾಣುವಂತೆ ಇಟ್ಟೆವು. ಗೋಡೆ ಬೇಗ ಎದ್ದಿತು, ನೋಡಲು ಚೆಂದವೂ ಆಯಿತು. ಕಂಡವರು ಹೊಗಳಿದರು, ನಾವು ಉಬ್ಬಿದೆವು. ಒಬ್ಬ ಹಿರಿಯರು ಮಾತ್ರ ನೋಡಿ, "ತಮ್ಮಾ, ಕಲ್ಲಿನ ಉದ್ದ ಒಳಗಿರಬೇಕು, ಮೋರೆ ಅಷ್ಟೇ ಹೊರಗಿರಬೇಕು" ಎಂದರು. ಹೊಗಳಿಕೆಯ ಗುಂಗಿನಲ್ಲಿ ಆ ಮಾತು ಕಿವಿಗೆ ಬೀಳಲಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಗೋಡೆ ಕುಸಿಯಿತು. ಅದರ ಬದಿಗೆ ಕಟ್ಟಿದ್ದ ಕರು ಕಲ್ಲಿನಡಿ ಸಿಕ್ಕಿತು. ಬೆಳಗಿನತನಕ ನರಳಿ ಸತ್ತಿತು. ಯಾರೂ ನಮ್ಮನ್ನು ಬಯ್ಯಲಿಲ್ಲ. ತಾಯಿ ಆಕಳು ಮೂರು ದಿನ ಆ ಕಡೆಗೇ ಮುಖ ಮಾಡಿ ಕೂಗುತ್ತಿತ್ತು. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಕ್ಲೊಖಾನಿನ ರಹಸ್ಯವೂ ಇದೇ. ಒಳಗಡೆ ಗೇಣುದ್ದವೂ ಚಾಚದ ಕಲ್ಲಿಗೆ ಹಿಂದೆ, ಗೋಡೆಯ ಹೊಟ್ಟೆಯೊಳಗೆ, ಮೊಳದುದ್ದದ ಬಾಲವಿದೆ. ಆ ಬಾಲದ ಮೇಲೆ ಇನ್ನೊಂದು ಕಲ್ಲಿನ ಭಾರವಿದೆ. ಮೇಲಿನ ಭಾರವೇ ಕೆಳಗಿನದನ್ನು ಹಿಡಿದು ನಿಲ್ಲಿಸಿದೆ. ಭಾರ ಎಂದರೆ ನಾವು ಬೇಸರಪಡುತ್ತೇವೆ. ಮನೆಯ ಭಾರ, ಮಕ್ಕಳ ಭಾರ, ಮುದುಕರ ಭಾರ ಎನ್ನುತ್ತೇವೆ. ಆ ಭಾರ ಇಳಿದ ದಿನ ನಾವೇ ಉರುಳುತ್ತೇವೆ ಎಂಬುದನ್ನು ಅರಿಯೆವು.

ಇನ್ನು ಸಮುದ್ರದ ಕಡೆಗೆ ಹೋಗೋಣ. ಕೆರಿಯ ದಂಡೆಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ನಡುನೀರಿನಲ್ಲಿ ಸ್ಕೆಲಿಗ್ ಮೈಕಲ್ ಎಂಬ ಕಲ್ಲುಬಂಡೆ ಇದೆ. ಎತ್ತರ 218 ಮೀಟರ್. 6ನೆಯ ಮತ್ತು 8ನೆಯ ಶತಮಾನಗಳ ನಡುವೆ ಯಾವಾಗಲೋ ಕೆಲವರು ಕ್ರೈಸ್ತ ಸಂನ್ಯಾಸಿಗಳು ಏಕಾಂತವನ್ನು ಅರಸಿ ಅಲ್ಲಿಗೆ ಹೋದರು. ಅಲ್ಲಿ ಕಾಲೂರಲು ಸಮನಾದ ನೆಲವೇ ಇಲ್ಲ. ಅವರು ಮೊದಲು ಮನೆ ಕಟ್ಟಲಿಲ್ಲ. ಬಂಡೆಯ ಅಂಚಿನಲ್ಲಿ ಗೋಡೆ ಎಬ್ಬಿಸಿ, ಅದರ ಹಿಂದೆ ತುಂಬಿ, ನೆಲವನ್ನೇ ಕಟ್ಟಿದರು. ಆ ಮೇಲೆ ಗುಡಿಸಲು ಕಟ್ಟಿದರು. ಏರಿ ಬರಲು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಜೋಡಿಸಿದರು. ಕುಡಿಯಲು ಒರತೆಯಿಲ್ಲ, ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದರು.

ಆರು ಗುಡಿಸಲುಗಳು ಇಂದಿಗೂ ಅಲ್ಲಿವೆ. ಒಳಗಡೆ ನೆಲ ಚೌಕ, ಮೇಲೆ ಹೋದಂತೆ ದುಂಡು. ಜೊತೆಗೆ ಪ್ರಾರ್ಥನೆಯ ಎರಡು ಕಲ್ಲುಮನೆಗಳು. ಮಲಗಲು, ಧ್ಯಾನಿಸಲು ಬೇರೆ ಬೇರೆ; ಪ್ರಾರ್ಥನೆಗೆ ಎಲ್ಲರೂ ಕೂಡಿ. ಒಂಟಿಯಾಗಿ ಇರಲಾರದವನು ಕೂಡಿ ಇರಲಾರ. ಕೂಡಿ ಇರಲಾರದವನ ಒಂಟಿತನ ಬರಿಯ ಮುನಿಸು. ಎರಡಕ್ಕೂ ಅಲ್ಲಿ ಜಾಗವಿತ್ತು.

ಅವರಿಗೆ ಕಷ್ಟ ಬರಲಿಲ್ಲವೆ? ಬಂತು. ಹಡಗಿನಲ್ಲಿ ಬರುವ ವೈಕಿಂಗ್ ದರೋಡೆಕೋರರು 824ರಲ್ಲಿ ದಾಳಿ ಮಾಡಿ ಎಟ್ಗಲ್ ಎಂಬವರನ್ನು ಸೆರೆ ಒಯ್ದರು. ಅವರು ಹಸಿವೆಯಿಂದ ಪ್ರಾಣ ಬಿಟ್ಟರೆಂದು ಅಲ್ಲಿಯ ಹಳೆಯ ವರ್ಷಾವಳಿಗಳು ಹೇಳುತ್ತವೆ. ಉಳಿದವರು ಬಂಡೆ ಬಿಟ್ಟು ಓಡಲಿಲ್ಲ. ಮುಂದೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಬಾಳು ನಡೆಯಿತು. ಆ ಮೇಲೆ ಅವರ ನೆಲೆ ದಂಡೆಗೆ ಬಂತು. 1996ರಲ್ಲಿ ಯುನೆಸ್ಕೊ ಆ ಬಂಡೆಯನ್ನು ವಿಶ್ವಪರಂಪರೆಯ ತಾಣವೆಂದಿತು. ನಡುನಡುವೆ ದುರಸ್ತಿ ನಡೆದಿದೆ, ನಿಜ. ಆದರೂ ಕಲ್ಲನ್ನು ಕಲ್ಲೇ ಹಿಡಿದಿದೆ.

ಡಿಂಗಲ್ಲಿನಲ್ಲಿ ಗ್ಯಾಲರಸ್ ಎಂಬ ಪ್ರಾರ್ಥನಾಮಂದಿರವಿದೆ. ಬೋರಲು ಹಾಕಿದ ದೋಣಿಯ ಆಕಾರ, ಕೆಲಸ ಬಹಳ ನಯ. ಅದು ದುಂಡಲ್ಲ, ಉದ್ದ ಚೌಕ. ದುಂಡು ಕಟ್ಟಡದಲ್ಲಿ ಪ್ರತಿ ಕಲ್ಲಿಗೂ ಎಡಕ್ಕೊಂದು, ಬಲಕ್ಕೊಂದು ಕಲ್ಲು ಒತ್ತಾಸೆಯಾಗಿ ನಿಲ್ಲುತ್ತದೆ. ಉದ್ದ ಗೋಡೆಯ ನಡುವಿನ ಕಲ್ಲಿಗೆ ಆ ಒತ್ತಾಸೆ ಕಡಿಮೆ. ಅದಕ್ಕೇ ಗ್ಯಾಲರಸ್ಸಿನ ಚಾವಣಿ ನಡುವೆ ತುಸು ಜಗ್ಗಿದೆ. ಅಂಥ ಬೇರೆ ಕಟ್ಟಡಗಳು ಎಷ್ಟೋ ಬಿದ್ದಿವೆ. ನೆರೆಯವನಿಂದ ದೂರ ನಿಂತ ಕಲ್ಲು ಎಷ್ಟು ನಯವಾಗಿದ್ದರೇನು?

ಮತ್ತೊಂದು ಮಾತು ನಮಗೆ ಬಹಳ ಹಿಡಿಸಿತು. ಡಿಂಗಲ್ಲಿನ ಫಾಹನ್ ಎಂಬಲ್ಲಿ ಗುಡ್ಡದ ಮೈತುಂಬ ಇಂಥ ಗುಡಿಸಲುಗಳಿವೆ. ಅವೆಲ್ಲ ಸಂನ್ಯಾಸಿಗಳವಲ್ಲ, ಎಲ್ಲವೂ ಪುರಾತನವೂ ಅಲ್ಲ. ಆ ಸೀಮೆಯ ರೈತರು 19ನೆಯ ಶತಮಾನದಲ್ಲೂ ಅದೇ ಬಗೆಯಲ್ಲಿ ಕಲ್ಲು ಪೇರಿಸಿ ಸಾಮಾನು ಇಡಲು, ಸಾಕುಪ್ರಾಣಿ ಕೂಡಲು ಗೂಡು ಕಟ್ಟಿಕೊಂಡರು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದು ಪಂಡಿತರಿಗೂ ಸುಲಭವಲ್ಲ. ಸಂತನಿಗೂ ಅದೇ ಗೋಡೆ, ಕರುವಿಗೂ ಅದೇ ಗೋಡೆ! ಇದು ಸಂತನಿಗಾದ ಅವಮಾನವೆ? ಅಲ್ಲ. ಕರುವಿನ ಗೂಡನ್ನೂ ಸಂತನ ಗೂಡಿನಷ್ಟೇ ಶ್ರದ್ಧೆಯಿಂದ ಕಟ್ಟಿದವನ ಕೆಲಸಕ್ಕೆ ಕಾಯಕವೆನ್ನಬೇಕು. ನಾವು ಹುಡುಗರಾಗಿದ್ದಾಗ 'ಕರುವಿನ ಗೋಡೆ ತಾನೇ' ಎಂದುಕೊಂಡೆವು. ಅಲ್ಲಿಯೇ ಕೆಟ್ಟೆವು.

ಬಂಧುಗಳೇ, ನಾವು ಮಾಡಿದ್ದೆಲ್ಲ ಹೊರಗೆ ಕಾಣಲಿ ಎಂದು ಬಯಸುತ್ತೇವೆ. ಕೊಟ್ಟದ್ದು ನಾಲ್ವರಿಗೆ ತಿಳಿಯಲಿ, ದುಡಿದದ್ದು ನಾಲ್ವರು ಹೇಳಲಿ. ಉದ್ದವನ್ನೆಲ್ಲ ಹೊರಗಿಟ್ಟ ಮೇಲೆ ಒಳಗೆ ಹಿಡಿತ ಎಲ್ಲಿಂದ ಬರಬೇಕು? ಬಿಸಿಲಿನಲ್ಲಿ ಅಂಥ ಗೋಡೆಯೂ ನಿಂತಿರುತ್ತದೆ. ಮಳೆ ಬಂದಾಗ ತಿಳಿಯುತ್ತದೆ. ಅದು ಬಿದ್ದಾಗ ಕಟ್ಟಿದವನಿಗೆ ಪೆಟ್ಟಾಗುವುದಿಲ್ಲ. ನಂಬಿ ಅದರ ಬದಿಗೆ ಮಲಗಿದ ಕರುವಿಗೆ ಆಗುತ್ತದೆ.

ಇಂದು ಮನೆಗೆ ಹೋದ ಮೇಲೆ ಒಂದು ಗಳಿಗೆ ಕೂತು ನೋಡಿಕೊಳ್ಳಿ. ನಿಮ್ಮ ಬದಿಗೆ ನಂಬಿ ಮಲಗಿದವರು ಯಾರು? ನಿಮ್ಮ ಕಲ್ಲಿನ ಉದ್ದ ಯಾವ ಕಡೆಗಿದೆ? ನಾವೂ ನೋಡಿಕೊಳ್ಳುತ್ತೇವೆ.