ಇಸ್ರೇಲಿನ ಗಿರಾಕಿಗಳೂ ನಾವೂ
(ವಾರಣಾಸಿಗೆ ಹೊಸದಾಗಿ ಬಂದ ಹೋಟೆಲು ಕೆಲಸಗಾರರ ಮುಂದೆ ಮಾಡಿದ ಭಾಷಣ)

ಸೋದರ ಕೆಲಸಗಾರರೇ,

ಬೆಂಗಾಲಿ ಟೋಲಾ, ಅಸ್ಸಿ ಕಡೆಯ ವಸತಿಗೃಹಗಳಿಗೆ ಇಸ್ರೇಲಿನ ತರುಣ ತರುಣಿಯರು ಬರುವುದುಂಟು. 1992ರಲ್ಲಿ ಎರಡು ದೇಶಗಳ ರಾಯಭಾರ ಸಂಬಂಧ ಪೂರ್ಣವಾದ ಮೇಲೆ ಇವರ ಬರವು ಹೆಚ್ಚಿತು. ಬಹಳ ಮಂದಿ ಕಡ್ಡಾಯ ಸೈನ್ಯಸೇವೆ ಮುಗಿಸಿ ಊರು ಸುತ್ತಲು ಹೊರಟವರು. ಅವರ ಮಾತಿನ ಧಾಟಿ ಕೇಳಿ "ನಮ್ಮನ್ನು ಕೀಳಾಗಿ ಕಂಡರು" ಎಂದು ನಮ್ಮ ಹುಡುಗರು ಕುದಿಯುತ್ತಾರೆ.

ಸ್ವಲ್ಪ ತಾಳಿ. ನಮ್ಮಲ್ಲಿ "ನೀನು" ಬೇರೆ, "ನೀವು" ಬೇರೆ. ಇಲ್ಲಿಯ ಹಿಂದಿಯಲ್ಲೂ "ತುಮ್" ಬೇರೆ, "ಆಪ್" ಬೇರೆ. ಅವರ ಹೀಬ್ರೂ ಆಡುಮಾತಿನಲ್ಲಿ ಆ ಭೇದವಿಲ್ಲ. ಗಂಡಸಿಗೆ "ಅತಾ", ಹೆಂಗಸಿಗೆ "ಅತ್", ಅಷ್ಟೇ. ಶಾಲೆಯ ಮೇಷ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಮುಚ್ಚುಮರೆಯಿಲ್ಲದ ಮಾತಿಗೆ "ದುಗ್ರಿ" ಎನ್ನುತ್ತಾರೆ. ಅದು ಅವರಿಗೆ ಪ್ರಾಮಾಣಿಕತೆ. ಬೆರಳ ತುದಿಗಳನ್ನು ಕೂಡಿಸಿ ಮೇಲ್ಮುಖ ಮಾಡಿ ತೋರಿಸಿದರೆ ಬೈಗುಳವಲ್ಲ. "ರೆಗಾ", ಎಂದರೆ "ಒಂದು ನಿಮಿಷ". ಧರ್ಮನಿಷ್ಠರು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಹಣ ಮುಟ್ಟುವುದಿಲ್ಲ. ಬಿಲ್ಲಿನ ಮಾತು ಮೊದಲೇ ಮುಗಿಸಿ. ನಾವು ತಲೆಯಾಡಿಸಿದರೆ ಹೌದೋ ಅಲ್ಲವೋ ಅವರಿಗೆ ತಿಳಿಯದು, ಬಾಯಿಬಿಟ್ಟು ಹೇಳಿ.

ಅವರು ನೇರವಾಗಿ ಕೇಳಿದರೆ ನೀವೂ ನೇರವಾಗಿ, ನಗುಮುಖದಿಂದ "ಆಗದು" ಎನ್ನಬಹುದು. ತಿಳಿಯದ ಒಂದು ಮಾತಿಗೆ ರೇಗಿ ಅನ್ನ ಕಳೆದುಕೊಳ್ಳಬೇಡಿ.

ಆದರೆ ಕೈ ಮಾಡುವುದು, ಹೆಣ್ಣುಮಕ್ಕಳನ್ನು ಕೆಣಕುವುದು ಯಾವ ದೇಶದ ಪದ್ಧತಿಯೂ ಅಲ್ಲ. ಅದನ್ನು ನುಂಗಬೇಡಿ, ಒಬ್ಬರೇ ಜಗಳಕ್ಕೂ ನಿಲ್ಲಬೇಡಿ. ಜೊತೆಯವರನ್ನು ಕರೆಯಿರಿ, ಮಾಲೀಕರಿಗೆ ಹೇಳಿ, ಕೇಳದಿದ್ದರೆ ಸಂಘಕ್ಕೆ ಬನ್ನಿ.