ಮಳೆ ಮುನ್ಸೂಚನೆ ಕೇಳಲ್ಲ, ಮಾರುಕಟ್ಟೆ ಕೇಳುತ್ತೆ: ಉಳ್ಳಾಗಡ್ಡಿ, ಎಐ ಮತ್ತು ಅಡರಕಟ್ಟಿಯ ಹೊಲ

2022ರ ನವೆಂಬರ್. ಗದಗ ಭಾಗದ ಒಬ್ಬ ರೈತರು 205 ಕಿಲೋ ಉಳ್ಳಾಗಡ್ಡಿ ಹೇರಿಕೊಂಡು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಹೋದರು. ನಾನೂರು ಕಿಲೋಮೀಟರಿನ ಮೇಲಿನ ದಾರಿ. ಹತ್ತಿದ ದರ ಕ್ವಿಂಟಲ್‌ಗೆ 200 ರೂಪಾಯಿ, ಒಟ್ಟು 410. ಅದರಲ್ಲಿ ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ ಹೋಯ್ತು. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಲೆಕ್ಕದ ಪಟ್ಟಿಯ ಫೋಟೊ ದೇಶವೆಲ್ಲ ಸುತ್ತಿತು.

ಇದಕ್ಕಿಂತ ಮೂರೇ ವರ್ಷ ಹಿಂದೆ, 2019ರ ಕೊನೆಯಲ್ಲಿ, ಇದೇ ಉಳ್ಳಾಗಡ್ಡಿ ಅಂಗಡಿಯಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತು. ಅದೇ ಮಣ್ಣು, ಅದೇ ರೈತರು, ಅದೇ ದುಡಿಮೆ. ಹಾಗಿದ್ರೆ ಈ ಏರಿಳಿತ ಎಲ್ಲಿಂದ ಬರುತ್ತೆ? ಇದನ್ನ ಕೃತಕ ಬುದ್ಧಿಮತ್ತೆ, ಅಂದ್ರೆ ಎಐ, ಸರಿ ಮಾಡಬಹುದಾ?

ಇವತ್ತಿನ ಮಾತು ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿಯಂಥ ಊರಿನ ಹೊಲದಲ್ಲಿ ನಿಂತು ಆಡಬೇಕಾದ ಮಾತು. ಈ ಸೀಮೆಯಲ್ಲಿ ಕಪ್ಪು ಎರಿ ಹೊಲ, ಕೆಂಪು ಮಸಾರಿ ಹೊಲ ಎರಡೂ ಇವೆ. ಬಹುಪಾಲು ಮಳೆ ನಂಬಿದ ಒಕ್ಕಲುತನ. ಮುಂಗಾರಿಗೆ ಹೆಸರು, ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ. ಹಿಂಗಾರಿಗೆ ಕಡಲೆ, ಜೋಳ.

ಜೂನ್ ತಿಂಗಳಲ್ಲಿ ಇಲ್ಲಿನ ರೈತರು ಏನು ನೋಡಿ ಬಿತ್ತನೆ ತೀರ್ಮಾನ ಮಾಡ್ತಾರೆ? ಹೋದ ವರ್ಷದ ದರ. ಹೋದ ವರ್ಷ ಉಳ್ಳಾಗಡ್ಡಿಗೆ ಒಳ್ಳೆ ರೇಟು ಬಂತು ಅಂದ್ರೆ ಈ ವರ್ಷ ಎರಡು ಎಕರೆ ಜಾಸ್ತಿ. ಒಬ್ಬರ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ರೋಣ, ಆಚೆ ಧಾರವಾಡ, ವಿಜಯಪುರ, ಚಿತ್ರದುರ್ಗ, ಎಲ್ಲ ಕಡೆ ಎಲ್ಲರೂ ಅದೇ ದರ ನೋಡಿ ಅದೇ ಲೆಕ್ಕ ಹಾಕಿರ್ತಾರೆ. ಬಿತ್ತಿದ್ದು ಮಾರುಕಟ್ಟೆಗೆ ಬರೋಕೆ ಸುಮಾರು ನಾಲ್ಕು ತಿಂಗಳು. ಅಲ್ಲಿವರೆಗೆ ಯಾರು ಎಷ್ಟು ಬಿತ್ತಿದ್ದಾರೆ ಅಂತ ಯಾರಿಗೂ ಕಾಣಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಮಾಲು ಒಂದೇ ಸಲ ಬಂದು ಬೀಳುತ್ತೆ. ದರ ಅರ್ಧಕ್ಕೆ ಇಳಿದರೂ ಯಾರೂ ಊಟದಲ್ಲಿ ಎರಡರಷ್ಟು ಉಳ್ಳಾಗಡ್ಡಿ ತಿನ್ನಲ್ಲ. ಅದಕ್ಕೇ ಸ್ವಲ್ಪ ಹೆಚ್ಚಾದ ಮಾಲು ದರವನ್ನ ಬಹಳ ಕೆಳಗೆ ಎಳೆಯುತ್ತೆ. ಮುಂಗಾರಿನ ಗಡ್ಡೆಯಲ್ಲಿ ನೀರಿನಂಶ ಜಾಸ್ತಿ, ತಿಂಗಳುಗಟ್ಟಲೆ ಇಡೋಕೆ ಬರಲ್ಲ. ಸಿಕ್ಕ ದರಕ್ಕೆ ಕೊಡಲೇಬೇಕು. ಸುಟ್ಟುಕೊಂಡವರು ಮುಂದಿನ ವರ್ಷ ಬಿತ್ತಲ್ಲ. ಆಗ ಮಾಲು ಕಮ್ಮಿ, ದರ ಆಕಾಶಕ್ಕೆ. ಮತ್ತೆ ಎಲ್ಲರೂ ಬಿತ್ತುತ್ತಾರೆ.

ಅರ್ಥಶಾಸ್ತ್ರಜ್ಞರು ಇದನ್ನ ಕಾಗದದ ಮೇಲೆ ಬರೆದಾಗ ಗೆರೆಗಳು ಜೇಡರ ಬಲೆ ಥರ ಸುತ್ತಿದವು. 1934ರಲ್ಲಿ ನಿಕೋಲಸ್ ಕಾಲ್ಡೋರ್ ಆ ಹೆಸರನ್ನೇ ಇಟ್ಟರು. ಆ ಬಲೆಗೆ ಇಲ್ಲಿ ಇನ್ನೂ ಎರಡು ಎಳೆ ಸೇರುತ್ತವೆ. ಒಂದು ಮಳೆ: 2022ರಲ್ಲಿ ಅತಿಯಾದ ಮಳೆಗೆ ಈ ಭಾಗದ ಗಡ್ಡೆ ಸಣ್ಣದಾಗಿ, ಬೇರೆ ಕಡೆಯ ಮಾಲಿನ ಮುಂದೆ ಸೋತಿತು. ಇನ್ನೊಂದು ದೆಹಲಿ: 2019ರ ಸೆಪ್ಟೆಂಬರ್‌ನಲ್ಲಿ ರಫ್ತು ನಿಷೇಧ, 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ, 2023ರ ಡಿಸೆಂಬರ್‌ನಲ್ಲಿ ಮತ್ತೆ. ಬಿತ್ತುವಾಗ ಇದ್ದ ನಿಯಮ ಕೀಳುವಾಗ ಇರಲ್ಲ.

ಇಂಥ ಏರಿಳಿತವನ್ನ ಎಂಜಿನಿಯರಿಂಗ್ ಹೇಗೆ ನೋಡುತ್ತೆ ಅಂತ ಈಗ ನೋಡೋಣ. ಜೇ ಫಾರೆಸ್ಟರ್ ಅಂತ ಒಬ್ಬರು. 1918ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ದನ ಸಾಕುವ ಮನೆತನದಲ್ಲಿ ಹುಟ್ಟಿ, ಎಂಐಟಿಯಲ್ಲಿ ವರ್ಲ್‌ವಿಂಡ್ ಅನ್ನೋ ಕಂಪ್ಯೂಟರ್ ಕಟ್ಟಿಸಿದವರು. 1956ರಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಬಂದಾಗ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಒಂದು ಗೋಳು ಹೇಳಿಕೊಂಡರು. ಕೆಂಟಕಿಯ ಅವರ ಕಾರ್ಖಾನೆಗಳಲ್ಲಿ ಒಂದು ಕಾಲಕ್ಕೆ ಮೂರು ಪಾಳಿ ಕೆಲಸ, ಕೆಲವು ವರ್ಷಕ್ಕೆ ಅರ್ಧ ಜನ ಮನೆಗೆ. ಮಾರುಕಟ್ಟೆಯೇ ಹಾಗೆ ಅಂತ ಎಲ್ಲರೂ ನಂಬಿದ್ದರು. ಫಾರೆಸ್ಟರ್ ಪೆನ್ಸಿಲು, ಕಾಗದ ಹಿಡಿದು ವಾರದಿಂದ ವಾರಕ್ಕೆ ಲೆಕ್ಕ ಮಾಡಿದರು. ಹೊರಗಿನ ಬೇಡಿಕೆ ಸಮವಾಗಿದ್ದರೂ ಈ ಏರಿಳಿತ ಆಗುತ್ತೆ ಅಂತ ಕಂಡಿತು. ದಾಸ್ತಾನು ನೋಡಿ ಆಳು ತಗೊಳ್ಳೋ ಅವರದೇ ನಿಯಮ ಅದನ್ನ ಹುಟ್ಟಿಸುತ್ತಿತ್ತು. 1961ರಲ್ಲಿ ಅವರು ಬರೆದ 'ಇಂಡಸ್ಟ್ರಿಯಲ್ ಡೈನಮಿಕ್ಸ್' ಏರಿಳಿತ ಒಳಗಿನಿಂದಲೇ ಹೇಗೆ ಹುಟ್ಟುತ್ತೆ ಅಂತ ನೋಡೋ ಶಾಸ್ತ್ರಕ್ಕೆ ಬುನಾದಿ.

ಸಿಸ್ಟಮ್ಸ್ ಎಂಜಿನಿಯರಿಂಗ್ ಕಲಿಸೋದು ಇದನ್ನೇ. ತಪ್ಪು ಯಾರದ್ದು ಅಂತ ಹುಡುಕೋ ಮೊದಲು ಸುತ್ತು ಹೇಗೆ ತಿರುಗುತ್ತೆ, ತಡ ಎಲ್ಲಿ ಆಗುತ್ತೆ, ಯಾವ ಮಾಹಿತಿ ಯಾರ ಕೈಗೆ ಸಿಗಲ್ಲ ಅಂತ ನೋಡಿ. ಉಳ್ಳಾಗಡ್ಡಿಯ ಸುತ್ತಿನಲ್ಲಿ ರೈತ ತಪ್ಪು ಮಾಡಿಲ್ಲ. ಬಿತ್ತನೆಯ ಲೆಕ್ಕ ಬಿತ್ತುವವನಿಗೆ ಸಿಗ್ತಿಲ್ಲ.

ಇನ್ನು ಎಐ. 2016ರ ಮುಂಗಾರಿನಲ್ಲಿ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ, ಮೈಕ್ರೋಸಾಫ್ಟ್ ಸೇರಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 175 ಶೇಂಗಾ ರೈತರಿಗೆ ತೆಲುಗಿನಲ್ಲಿ ಎಸ್ಸೆಮ್ಮೆಸ್ ಕಳಿಸಿದವು: ಈಗ ಬಿತ್ತಿ, ಈಗ ಬೇಡ. ಮೂವತ್ತು ವರ್ಷದ ಹವಾಮಾನ ದಾಖಲೆ, ಮಣ್ಣಿನ ತೇವದ ಲೆಕ್ಕ ಅದರ ಹಿಂದಿತ್ತು. ಇಳುವರಿ ಸರಾಸರಿ ಶೇಕಡಾ 30 ಹೆಚ್ಚಿತು ಅಂತ ಆ ಸಂಸ್ಥೆಗಳು ಹೇಳಿದವು. ಮರುವರ್ಷ ಕರ್ನಾಟಕದ ರೈತರಿಗೂ ಅದು ಬಂತು. 2017ರಲ್ಲೇ ನಮ್ಮ ಕರ್ನಾಟಕ ಕೃಷಿ ಬೆಲೆ ಆಯೋಗ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ತೊಗರಿಯಿಂದ ಶುರು ಮಾಡಿ, ಮಾಲು ಯಾವಾಗ, ಎಷ್ಟು ಬರುತ್ತೆ, ದರ ಏನಾಗುತ್ತೆ ಅಂತ ಮೊದಲೇ ಲೆಕ್ಕ ಹಾಕೋ ಉದ್ದೇಶ.

ಒಂದು ಮಳೆಯದ್ದು, ಒಂದು ದರದ್ದು, ಎರಡೂ ಮುನ್ಸೂಚನೆಗಳೇ. ಆದರೆ ಇವೆರಡರ ನಡುವೆ ಭೂಮಿ ಆಕಾಶದಷ್ಟು ಅಂತರ ಇದೆ. ಜೂನ್ ಮೂರನೇ ವಾರ ಮಳೆ ಬರುತ್ತೆ ಅಂತ ಅಡರಕಟ್ಟಿಯ ಎಲ್ಲರ ಫೋನಿಗೆ ಹೇಳಿದರೂ ಮಳೆ ತನ್ನ ದಾರಿ ಬದಲಿಸಲ್ಲ. ಎಲ್ಲರೂ ಮಾತು ಕೇಳಿದರೆ ಎಲ್ಲರಿಗೂ ಲಾಭ. ನವೆಂಬರ್‌ನಲ್ಲಿ ಉಳ್ಳಾಗಡ್ಡಿಗೆ ಕ್ವಿಂಟಲ್‌ಗೆ ಮೂರು ಸಾವಿರ ಸಿಗುತ್ತೆ ಅಂತ ಜೂನ್‌ನಲ್ಲಿ ಎಲ್ಲರಿಗೂ ಹೇಳಿ ನೋಡಿ. ಎಲ್ಲರೂ ಉಳ್ಳಾಗಡ್ಡಿನೇ ಹಾಕ್ತಾರೆ, ಆ ಮೂರು ಸಾವಿರ ಬರಲ್ಲ. ಮುನ್ಸೂಚನೆಯನ್ನ ಎಷ್ಟು ಜಾಸ್ತಿ ಜನ ನಂಬಿದರೋ ಅಷ್ಟು ಅದು ಸುಳ್ಳಾಗುತ್ತೆ. ಅಂದ್ರೆ ಸುತ್ತನ್ನ ಹಾಗೇ ಬಿಟ್ಟು ಅದಕ್ಕೆ ಜಾಣ ಯಂತ್ರ ಜೋಡಿಸಿದರೆ, ಅದೇ ಸುತ್ತು ಇನ್ನಷ್ಟು ಜೋರಾಗಿ ತಿರುಗುತ್ತೆ.

ಹಾಗಿದ್ರೆ ಎಐ ಬೇಡವಾ? ಖಂಡಿತ ಬೇಕು, ಸರಿಯಾದ ಜಾಗದಲ್ಲಿ. ನಾಳೆಯ ದರ ಊಹಿಸೋ ಬದಲು ಇವತ್ತಿನ ಬಿತ್ತನೆ ಎಣಿಸೋಕೆ ಹಚ್ಚಿ. ಯುರೋಪಿನ ಸೆಂಟಿನೆಲ್-1 ಉಪಗ್ರಹದಲ್ಲಿ ರೇಡಾರ್ ಇದೆ, ಮುಂಗಾರಿನ ಮೋಡದ ಒಳಗಿಂದಲೂ ಹೊಲ ಕಾಣುತ್ತೆ, ಆ ದತ್ತಾಂಶ ಎಲ್ಲರಿಗೂ ಪುಕ್ಕಟೆ. ಆದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಒಂದೇ ಹೊಲದಲ್ಲಿ ಬೆರೆಸಿ ಬೆಳೆಯೋ ನಮ್ಮ ಪದ್ಧತಿ ಮೇಲಿನಿಂದ ಸುಲಭವಾಗಿ ಅರ್ಥ ಆಗಲ್ಲ. ಅದನ್ನ ಯಂತ್ರಕ್ಕೆ ಕಲಿಸೋಕೆ ನೆಲದ ಸಾಕ್ಷಿ ಬೇಕು, ಮತ್ತು ಅದು ನಮ್ಮಲ್ಲಿ ಇದೆ. ರಾಜ್ಯದ ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರ್ ಸಮೇತ ಬೆಳೆಯ ಫೋಟೊ ಹೋಗುತ್ತೆ. 2020ರಿಂದ ರೈತರೇ ಆ್ಯಪ್‌ನಲ್ಲಿ ಹಾಕ್ತಿದ್ದಾರೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತೆ. ಇವೆಲ್ಲ ಬೇರೆ ಬೇರೆ ಇಲಾಖೆಯಲ್ಲಿ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದ್ದು: ಒಂದು ವಿಮೆಗೆ, ಒಂದು ಪರಿಹಾರಕ್ಕೆ. ಬಿತ್ತನೆ ತೀರ್ಮಾನಕ್ಕೆ ಇವನ್ನ ಒಂದು ಕಡೆ ಹೊಲಿಯೋದೇ ಸಿಸ್ಟಮ್ಸ್ ಎಂಜಿನಿಯರ್ ಮಾಡಬೇಕಾದ ಕೆಲಸ.

ಹೊಲಿದ ಮೇಲೆ ಊರಿಗೆ ಏನು ಸಿಗಬೇಕು? ಜೂನ್, ಜುಲೈನಲ್ಲಿ ವಾರಕ್ಕೊಮ್ಮೆ ಒಂದು ಸಾಲು: ಗದಗ, ಧಾರವಾಡ, ವಿಜಯಪುರ, ಚಿತ್ರದುರ್ಗದಲ್ಲಿ ಈವರೆಗೆ ಇಷ್ಟು ಎಕರೆ ಉಳ್ಳಾಗಡ್ಡಿ ಬಿತ್ತಿದೆ, ಹೋದ ವರ್ಷ ಇದೇ ಹೊತ್ತಿಗೆ ಇಷ್ಟಿತ್ತು. ಈ ಮಾಹಿತಿ ಎಲ್ಲರೂ ನಂಬಿದರೂ ಕೆಡಲ್ಲ. ಜಾಸ್ತಿ ಆಗಿದೆ ಅಂತ ಕಂಡವರು ಶೇಂಗಾ ಕಡೆ ತಿರುಗ್ತಾರೆ, ಸುತ್ತು ತಾನಾಗೇ ನಿಧಾನ ಆಗುತ್ತೆ. ಬಿತ್ತೋದನ್ನ ಎರಡು ಮೂರು ಹಂತಕ್ಕೆ ಹಂಚಿದರೆ ಮಾಲು ಒಂದೇ ವಾರ ಬೀಳಲ್ಲ. ಮಾಲು ಮಿತಿ ಮೀರುತ್ತೆ ಅಂತ ಆಗಸ್ಟ್‌ನಲ್ಲೇ ಗೊತ್ತಾದರೆ, ದರ ಬಿದ್ದ ಮೇಲೆ ಸರ್ಕಾರ ಖರೀದಿಗೆ ಓಡಾಡಬೇಕಿಲ್ಲ.

ಹಂತ ಹಂತವಾಗಿ ಬಿತ್ತೋ ಒಪ್ಪಂದ ಮಾತ್ರ ಯಾವ ಯಂತ್ರವೂ ಮಾಡಿಕೊಡಲ್ಲ. ನಿಮ್ಮ ಸರದಿ ಮೊದಲು, ನಮ್ಮದು ಆಮೇಲೆ ಅಂತ ಊರೇ ಕೂತು ಮಾತಾಡಬೇಕು. ಗದಗ ಸೀಮೆಗೆ ಅದು ಹೊಸದಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು. ಒಬ್ಬೊಬ್ಬರಿಗೆ ಸಾಲ ಸಿಗದಿದ್ದಾಗ ಒಟ್ಟಾಗಿ ನಿಂತ ನೆಲ ಇದು. ಬಿತ್ತನೆಯ ಲೆಕ್ಕಕ್ಕೂ ಹಾಗೇ ಒಟ್ಟಾಗಿ ನಿಲ್ಲಬಹುದು.

ಅದಕ್ಕೆ ಈ ವಿಡಿಯೊ ನೋಡಿದವರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ, ಸಹಕಾರ ಸಂಘದಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಒಂದೇ ಪ್ರಶ್ನೆ ಕೇಳಿ: ನಾವು ಕೊಟ್ಟ ಬೆಳೆ ಸಮೀಕ್ಷೆಯ ಒಟ್ಟು ಲೆಕ್ಕ ನಮಗೆ ಯಾವಾಗ ವಾಪಸ್ ಸಿಗುತ್ತೆ? ಕೀಳೋ ಹೊತ್ತಿಗೆ ಸಿಕ್ಕರೆ ಅದು ಬರೀ ದಾಖಲೆ. ಬಿತ್ತೋ ಹೊತ್ತಿಗೆ ಸಿಕ್ಕರೆ ಬೆಳೆ ಬದಲಿಸೋಕೆ ರೈತರಿಗೆ ಇನ್ನೂ ಕಾಲ ಇರುತ್ತೆ.