ಕನ್ನಡಿಗರ ಇಂಗ್ಲಿಷು



ಪರಭಾಷೆಯನ್ನು ಕಲಿಯುವವನು ಅದರ ಶಬ್ದಗಳನ್ನೂ ವ್ಯಾಕರಣವನ್ನೂ ಕಲಿಯುತ್ತಾನೆ. ಮನೆಯಲ್ಲಿ ಕಲಿತ ನಡವಳಿಕೆಯನ್ನು ಮಾತ್ರ ಹೊಸ್ತಿಲಾಚೆ ಬಿಟ್ಟು ಬರಲಾರನು. ಜಪಾನೀಯರ ಇಂಗ್ಲಿಷಿನಲ್ಲಿ ಅವರ ನಾಡಿನ ವಿನಯ ಸಂಕೋಚಗಳು ಇಣಿಕುತ್ತವೆಂದು ಹೇಳುವುದುಂಟು. ನಮ್ಮ ಇಂಗ್ಲಿಷಿನಲ್ಲಿ ಇಣಿಕುವುದು ಯಾವುದು?

ದೂರ ಹೋಗಬೇಕಾಗಿಲ್ಲ. ಹೆಸರಿನಲ್ಲಿ ಇನ್ನೂ ಹಳ್ಳಿಯಾಗಿ ಉಳಿದಿರುವ ಕುರುಬರಹಳ್ಳಿ ಇಂದು ಬೆಂಗಳೂರಿನ ಪಶ್ಚಿಮದಲ್ಲಿ ಕಿಕ್ಕಿರಿದ ಬಡಾವಣೆ. ಅಲ್ಲಿನ ಬಾಲಕನು ಗುರುತಿಲ್ಲದ ಅಂಗಡಿಯವರನ್ನೂ 'ಅಂಕಲ್' ಎಂದೇ ಕರೆಯುತ್ತಾನೆ. ಇಂಗ್ಲಿಷರಲ್ಲಿ ಆ ಶಬ್ದವು ಬಹುಮಟ್ಟಿಗೆ ಬಂಧುಗಳಿಗೂ ಮನೆಯ ಆಪ್ತರಿಗೂ ಮೀಸಲು. ಹಿರಿಯರನ್ನು ಬರಿಯ ಹೆಸರು ಹಿಡಿದು ಕೂಗುವುದು ನಮ್ಮಲ್ಲಿ ಅವಿನಯ. ಅಣ್ಣ, ಅಕ್ಕ, ಮಾವ ಎಂದು ನಂಟು ಹಚ್ಚುವುದೇ ಮರ್ಯಾದೆ. ಶಬ್ದ ಅವರದು, ನಂಟು ನಮ್ಮದು.

ಮನೆಯಿಂದ ಹೊರಡುವವನು 'ಐ ವಿಲ್ ಗೋ ಅಂಡ್ ಕಮ್' ಎನ್ನುತ್ತಾನೆ. ಕೇಳಿದ ಇಂಗ್ಲಿಷನು ನಕ್ಕಾನು. ಆದರೆ ಬರಿದೇ 'ಹೋಗುತ್ತೇನೆ' ಎನ್ನುವುದು ನಮ್ಮಲ್ಲಿ ಅಮಂಗಳ. 'ಹೋಗಿ ಬರುತ್ತೇನೆ' ಎನ್ನಬೇಕು. ಆ ವಾಕ್ಯದಲ್ಲಿರುವುದು ಮರಳಿ ಬರುವೆನೆಂಬ ಭರವಸೆ.

ಇವು ನಗುವಿನಲ್ಲಿ ಮುಗಿಯುವ ವಿಷಯಗಳು. ಮುಂದಿನದು ಹಾಗಲ್ಲ. 'ಪುಸ್ತಕ ಕೊಡು', 'ಪುಸ್ತಕ ಕೊಡಿ' ಎಂಬೆರಡು ಮಾತುಗಳಲ್ಲಿ ಕಡೆಯ ಒಂದು ಸ್ವರದ ವ್ಯತ್ಯಾಸ. ಗೌರವವೆಲ್ಲವೂ ಆ ಸ್ವರದಲ್ಲಿದೆ. 'ಗಿವ್ ಮಿ ದಿ ಬುಕ್' ಎಂದೊಡನೆ ಅದು ಉದುರಿಹೋಗುತ್ತದೆ. ಆಡಿದವನ ಮನಸ್ಸಿನಲ್ಲಿ ವಿನಯ, ಕೇಳಿದವನ ಕಿವಿಗೆ ಅಪ್ಪಣೆ! ಇಂಗ್ಲಿಷನು ವಿನಯವನ್ನು ತೋರುವುದು 'ಪ್ಲೀಸ್' ಎಂಬ ಶಬ್ದದಿಂದ, ಅಪ್ಪಣೆಯನ್ನು ಪ್ರಶ್ನೆಯಾಗಿ ತಿರುಗಿಸುವುದರಿಂದ. ನೀನು, ನೀವು ಎಂಬ ಭೇದವೂ ಈಗಿನ ಇಂಗ್ಲಿಷಿನಲ್ಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕೆಂದೇ ನಮ್ಮವನು ವಾಕ್ಯ ವಾಕ್ಯಕ್ಕೂ 'ಸರ್' ಸೇರಿಸುತ್ತಾನೆ. ಆಗ ದೈನ್ಯವೆಂಬ ಅಪವಾದ ಬರುತ್ತದೆ. ಉದ್ಯೋಗಕ್ಕಾಗಿ ಸಂದರ್ಶನಕ್ಕೆ ಹೋದ ತರುಣನು ಹೀಗೆ ಒಮ್ಮೆ ಒರಟನೆನಿಸಿ, ಒಮ್ಮೆ ಅಂಜುಬುರುಕನೆನಿಸಿ ಹಿಂದಿರುಗಬಹುದು. ಅವನಲ್ಲಿ ಈ ಎರಡು ದೋಷಗಳೂ ಇಲ್ಲದಿರಬಹುದು.

ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರು 1938ರಲ್ಲಿ ಪ್ರಕಟವಾದ 'ಕಾಂತಾಪುರ' ಕಾದಂಬರಿಯಲ್ಲಿ ಕನ್ನಡನಾಡಿನ ಅಜ್ಜಿಯೊಬ್ಬಳ ಬಾಯಿಂದ ಇಂಗ್ಲಿಷಿನಲ್ಲೇ ಕಥೆ ಹೇಳಿಸಿದರು. ಅಲ್ಲಿ ಮೂರ್ತಿಯು 'ಕಾರ್ನರ್ ಹೌಸ್ ಮೂರ್ತಿ'. ಮೂಲೆಮನೆ ಮೂರ್ತಿ ಎಂದು ನಮ್ಮೂರಿನಲ್ಲಿ ಕರೆಯುವಂತೆಯೇ. ಅವರ ಕೈಯಲ್ಲಿ ಅದು ಕಲೆಯಾಯಿತು. ವಿದ್ಯಾರ್ಥಿಯ ಕೈಯಲ್ಲಿ ಕೆಂಪು ಶಾಯಿಗೆ ಗುರಿಯಾಗುತ್ತದೆ.

ಹಾಗೆಂದು ತಪ್ಪುಗಳನ್ನೆಲ್ಲ ಸಂಸ್ಕೃತಿಯೆಂದು ಪೂಜಿಸಬೇಕಾಗಿಲ್ಲ. ಕಾಲ ಕೆಟ್ಟರೆ, ಅರ್ಥ ಕೆಟ್ಟರೆ ತಿದ್ದಲೇಬೇಕು. ಆದರೆ ತಿದ್ದುವವನು ಮೊದಲು ತಪ್ಪಾವುದು, ಮರ್ಯಾದೆಯಾವುದು ಎಂಬುದನ್ನು ವಿಂಗಡಿಸಬೇಕು. 'ನಿನ್ನ ಇಂಗ್ಲಿಷು ಒರಟು' ಎಂದು ಹೀಗಳೆಯುವುದಕ್ಕಿಂತ, 'ಕನ್ನಡದಲ್ಲಿ ನೀನು ಕ್ರಿಯಾಪದದ ಕೊನೆಯಲ್ಲಿಟ್ಟ ಗೌರವವನ್ನು ಇಂಗ್ಲಿಷಿನಲ್ಲಿ ಬೇರೆಡೆ ಇಡಬೇಕು, ಇಗೋ ಇಲ್ಲಿ' ಎಂದು ತೋರಿಸಿಕೊಡುವುದು ಮೇಲು. ಆಗ ಅವನು ಇಂಗ್ಲಿಷನ್ನೂ ಕಲಿಯುತ್ತಾನೆ, ತನ್ನ ಮನೆಯ ಮಾತಿಗಾಗಿ ನಾಚುವುದನ್ನೂ ಕಲಿಯದೆ ಉಳಿಯುತ್ತಾನೆ.